ಕರ್ಕೇರ ಮೇಷ್ಟ್ರ ಇಂಗ್ಲಿಷ್ ಪೀರಿಯಡ್ಡು

ಹಗಲು ಅದು ಮರಾಠಿ ಮಕ್ಕಳ ಮುನ್ಸಿಪಾಲ್ಟಿ ಶಾಲೆ.
ಏಳೂವರೆಗೆ ನಾವು ನುಗ್ಗುತ್ತಿದ್ದೆವು
ಫೋರ್ಟಿನ ಕ್ಯಾಂಟೀನುಗಳಿಂದ, ಬೆರಳ ತುದಿ ನೆನೆದು ಸುಕ್ಕಾಗಿ,
ಮೈಯೆಲ್ಲ ಸಾಂಬಾರಿನ ವಾಸನೆ,
ಎಂಟು ವರ್ಷದವರ ಬೆಂಚಿನಲ್ಲಿ
ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತು.

ಕರ್ಕೇರ ಮೇಷ್ಟ್ರು ಹಗಲು ವಿಮಾ ಕಚೇರಿಯಲ್ಲಿ
ಲಕೋಟೆಗೆ ಅಂಟು ಹಚ್ಚುವವರು.
ರಾತ್ರಿ ಅದೇ ಅಂಟುಬೆರಳಲ್ಲಿ ಸೀಮೆಸುಣ್ಣ.
ಗ್ರಾಮರ್ ಮುಗಿದು ಹತ್ತು ನಿಮಿಷ ಉಳಿದರೆ
"ಈಗ ಒಂದು ಪದದ ಹೊಟ್ಟೆ ಸೀಳುವ" ಅನ್ನುವರು
ಮೀನು ಮಾಡಲು ಕೂತವರ ಹಾಗೆ.

ಮಸಲ್ ಅಂದರೆ?
ಸ್ನಾಯು, ಸಾರ್.
ಅಲ್ಲ ಮಾರಾಯ, ಅದರೊಳಗಿರುವುದು ಒಂದು ಇಲಿಮರಿ.
ಹಳೆಯ ಲ್ಯಾಟಿನ್ ಜನಕ್ಕೆ ಹಾಗೆ ಕಂಡಿತ್ತು.
ಕೊರಗಪ್ಪ ತೋಳು ಮಡಚಿದ.
ದಿನಕ್ಕೆ ನಲವತ್ತು ಕೊಡ ಮೂರನೇ ಮಾಳಿಗೆಗೆ ಹೊತ್ತ ತೋಳು.
ಓಡಿತು ಚರ್ಮದಡಿ ಇಲಿ.
ನಾವೆಲ್ಲ ಸಾಲಾಗಿ ಬಂದು ಮುಟ್ಟಿ ನೋಡಿದೆವು.

ವಿಂಡೋ, ಗಾಳಿಯ ಕಣ್ಣು.
ಉತ್ತರದ ಚಳಿಸೀಮೆಯ ಹಡಗಿನವರ ಮಾತು,
ಗಾಜು ಕಾಣದ ಮನೆಗೆ ಒಂದು ತೂತು.
"ನಮ್ಮಲ್ಲೂ ಗವಾಕ್ಷ ಇಲ್ಲವೇನ್ರಾ, ದನದ ಕಣ್ಣು?
ಅವರಿಗೆ ಗಾಳಿ, ನಮಗೆ ದನ.
ಗೋಡೆಗೆ ಕಣ್ಣು ಮಾತ್ರ ಇಬ್ಬರಿಗೂ ಬೇಕಾಯಿತು."
ನಮ್ಮ ಕೋಣೆಯ ಕಿಟಕಿಗೆ ಯಾವನೋ ಕಂಟ್ರಾಕ್ಟರು
ಚೌಕಟ್ಟು ಬಾಗಿಲು ಒಂದಾಗುವಂತೆ ಹಸಿರು ಬಳಿದಿದ್ದ,
ಕೆಂಗಣ್ಣು ಬಂದು ಅಂಟಿದ ರೆಪ್ಪೆ.
ಮಾರನೆ ದಿನ ಐತಪ್ಪ ದೋಸೆಯ ಸಟ್ಟುಗ ತಂದು ಬಿಡಿಸಿದ.
ಬಂತು ಗಾಳಿ, ಬಂದರಿನ ಎಣ್ಣೆ, ಉಪ್ಪು,
ಯಾರದೋ ರೇಡಿಯೋದ ಕ್ರಿಕೆಟ್ಟು.

ಡೂಲಾಲಿ ಅಂದರೆ ತಲೆ ಕೆಟ್ಟವ.
ದೂರದ್ದಲ್ಲ, ನಾಸಿಕದ ಹತ್ತಿರದ ದೇವಳಾಲಿ.
ಗೋರಾ ಸಿಪಾಯಿಗಳು ಚಾಕರಿ ಮುಗಿಸಿ ಅಲ್ಲಿ ಹಡಗಿಗೆ ಕಾದರು,
ತಿಂಗಳುಗಟ್ಟಲೆ, ಬಿಸಿಲಲ್ಲಿ, ಮಾಡಲು ಏನೂ ಇಲ್ಲದೆ.
ಊರಿನ ಹೆಸರೇ ಹುಚ್ಚಿನ ಹೆಸರಾಯಿತು.
ಯಾರೂ ನಗಲಿಲ್ಲ.
ಮೂರು ವರ್ಷದಿಂದ ಧಣಿಯ ಹತ್ತಿರ ರಜೆ ಕೇಳುತ್ತಿದ್ದ ಬಾಬು
ಡೆಸ್ಕಿನ ಮೇಲೆ ಉಗುರಲ್ಲಿ ಗೆರೆ ಕೊರೆಯುತ್ತಿದ್ದ.
"ಹಾಗಾದರೆ ವೇಟರ್ ಅಂದರೆ ಕಾಯುವವನಾ ಸಾರ್?"

ಮೇಷ್ಟ್ರು ಸ್ವಲ್ಪ ತಡೆದರು.
"ಕಾಯುವುದರಲ್ಲಿ ನಮ್ಮಲ್ಲೂ ಎರಡುಂಟು.
ಬಸ್ಸಿಗೆ ಕಾಯುವುದು ಬೇರೆ, ಗದ್ದೆ ಕಾಯುವುದು ಬೇರೆ.
ವೇಟರ್ ಒಂದು ಕಾಲಕ್ಕೆ ಎರಡನೆಯವ.
ಕಾವಲಿನವ. ಊರು ಮಲಗಿದಾಗ ಎದ್ದಿರುವವ."
ಅಷ್ಟು ಹೊತ್ತಿಗೆ ಹಿಂದಿನ ಸಾಲಿನಲ್ಲಿ
ನಾಲ್ವರು ಕಾವಲಿನವರು ಗೊರಕೆ ಹೊಡೆಯುತ್ತಿದ್ದರು.
ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿದರು.

ಒಂದು ರಾತ್ರಿ ಸೋತರು. ಬಾಂಬೆ ಡಕ್.
"ಅದು ಬಾತುಕೋಳಿ ಅಲ್ಲ ಸಾರ್, ಬೊಂಬಿಲ್, ಮೀನು."
ನೋಣಯ್ಯ ಸಾಲಿಯಾನ್ ಎದ್ದು ನಿಂತಿದ್ದ,
ಬೆಳಗಿನ ಜಾವ ಭಾವೂಚಾ ಧಕ್ಕೆಯಲ್ಲಿ ಬುಟ್ಟಿ ಹೊರುವವ.
"ಮೀನನ್ನು ಬಾತು ಅಂದದ್ದು ಯಾಕೆ?"
"ಡಾಕ್ ಗಾಡಿಯಲ್ಲಿ ಒಣಮೀನು ಹೋಗುತ್ತಿತ್ತು, ಅದಕ್ಕೇ
ಅಂತ ಒಂದು ಕತೆ. ಚೆಂದದ ಕತೆ.
ಆದರೆ ಇಲ್ಲಿ ರೈಲು ಹಳಿ ಬೀಳುವ ಮೊದಲೇ
ಹೆಸರು ಇತ್ತು. ಹಾಗಾಗಿ ನಂಬಬೇಡಿ."
ಮತ್ತೆ ನಿಜ?
ಬೋರ್ಡಿನ ಮೂಲೆಯಲ್ಲಿ ಪದ ಬರೆದರು,
ಪಕ್ಕಕ್ಕೊಂದು ಆಳೆತ್ತರದ ಪ್ರಶ್ನೆಚಿಹ್ನೆ ಎಳೆದು
ಕೈಪುಡಿ ಕೊಡವಿಕೊಂಡರು.
"ನನಗೆ ಗೊತ್ತಿಲ್ಲ."
ಬೆತ್ತವಿಲ್ಲದೆ ಹಾಗೆ ಹೇಳಿದ ಮೇಷ್ಟ್ರನ್ನು
ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಮಾರನೆ ಸಂಜೆ ಬಂದರೆ
ಹಗಲಿನ ಯಾವುದೋ ಪೋರಿ, ಬೆಂಚು ಹತ್ತಿಯೇ ಇರಬೇಕು,
ಪ್ರಶ್ನೆಯ ಕೊಕ್ಕೆಯನ್ನು ಮೀನಿನ ಬೆನ್ನು ಮಾಡಿ
ಕಣ್ಣಿಟ್ಟು, ಬಾಲ ಬರೆದು,
ಕೆಳಗೆ ಎರಡು ಕಾಲು. ಬೂಟು ಸಮೇತ.

ಆ ವಾರವೆಲ್ಲ ಮೇಷ್ಟ್ರು
ಅದನ್ನು ಬಿಟ್ಟು ಉಳಿದ ಬೋರ್ಡಿನಲ್ಲಿ
ಅಕ್ಷರ ಸಣ್ಣ ಮಾಡಿ ಬರೆದರು.